ಮಾತಾಡದ ಮಾಸ್ತರ ಪಕ್ಕ ಕೂತು ಏನು ನೋಡಬೇಕು? ಬಾದಾಮಿಯಲ್ಲಿ ಜಲವರ್ಣ

ಕೆಂಪುಕಲ್ಲು

ಎಲ್ಲರಿಗೂ ನಮಸ್ಕಾರ. ನಮ್ಮ ಕಡೆ ಒಬ್ಬ ನಿವೃತ್ತ ಡ್ರಾಯಿಂಗ್ ಮಾಸ್ತರಿದ್ದಾರೆ. ಚಳಿಗಾಲ ಬಂತೆಂದರೆ ಬಾದಾಮಿಗೆ ಹೋಗಿ ಅಗಸ್ತ್ಯತೀರ್ಥ ಕೆರೆಯ ದಂಡೆಯಲ್ಲಿ ಕೂತು ಜಲವರ್ಣ ಮಾಡುತ್ತಾರೆ. ಸ್ಟುಡಿಯೋ ಇಲ್ಲ, ಕ್ಲಾಸ್ ಇಲ್ಲ, ಮೊಬೈಲಂತೂ ಮೊದಲೇ ಇಲ್ಲ. ಕಲಿಸ್ತೀರಾ ಸರ್ ಅಂತ ಕೇಳಿದೆ. "ಕಲಿಸೋದೇನದ, ಬಂದು ಕೂಡು" ಅಂದರು. ಅಷ್ಟೇ.

ನಾನು ಇಲ್ಲಿಯವರೆಗೆ ಮನೆಯಲ್ಲಿ ಫೋಟೋ ನೋಡಿ, ವಿಡಿಯೋ ನೋಡಿ ಬಿಡಿಸಿದವನು. ಹೊರಗೆ ಕೂತು ಮಾಡಿದ ಅಭ್ಯಾಸ ಇಲ್ಲ. ಅವರು ಕೆಲಸ ಮಾಡುವಾಗ ಮಾತಾಡುವುದಿಲ್ಲ ಅಂತ ಗೊತ್ತಿದ್ದವರು ಹೇಳುತ್ತಾರೆ. ಹಾಗಾದರೆ ನಾನೇನು ಮಾಡಲಿ? ಸುಮ್ನೆ ನೋಡುತ್ತಾ ಕೂರಬೇಕಾ, ಪಕ್ಕದಲ್ಲೇ ನನ್ನದೂ ಒಂದು ಬಿಡಿಸಬೇಕಾ? ನೋಡುವುದಾದರೆ ಏನನ್ನು ನೋಡಬೇಕು? ಹೊರಗೆ ಕೂತು ಚಿತ್ರ ಮಾಡುವವರು ಇಲ್ಲಿ ಬಹಳ ಜನ ಇದ್ದೀರಿ, ಹೇಳಿ.

ಅರಳಿಕಟ್ಟೆ

ಒಳ್ಳೆಯ ಅವಕಾಶ, ಬಿಡಬೇಡಿ. ಮೊದಲ ದಿನ ಏನೂ ಬಿಡಿಸಬೇಡಿ ಅನ್ನುವುದು ನನ್ನ ಸಲಹೆ. ಕುಂಚ ಹೇಗೆ ಹಿಡಿಯುತ್ತಾರೆ ಅಂತ ನೋಡಲು ವಿಡಿಯೋ ಸಾಕು. ಬಣ್ಣ ಹಚ್ಚುವ ಮೊದಲು ಅವರು ಏನು ಮಾಡುತ್ತಾರೆ ಅನ್ನುವುದು ಮಾತ್ರ ವಿಡಿಯೋದಲ್ಲಿ ಸಿಗುವುದಿಲ್ಲ. ಅದನ್ನು ಕತ್ತರಿಸಿಯೇ ಹಾಕಿರುತ್ತಾರೆ.

ಎಲ್ಲಿ ಕೂರುತ್ತಾರೆ ನೋಡಿ. ಭೂತನಾಥ ಗುಡಿ ಕೆರೆಯ ಪೂರ್ವ ದಂಡೆಯಲ್ಲಿದೆ. ಬೆಳಿಗ್ಗೆ ಹೋದರೆ ಸೂರ್ಯ ಗುಡಿಯ ಹಿಂದೆ ಇರುತ್ತಾನೆ, ಗುಡಿ ಮತ್ತು ಹಿಂದಿನ ಬಂಡೆ ಎರಡೂ ಕಪ್ಪಗೆ ಅಂಟಿಕೊಂಡ ಹಾಗೆ ಕಾಣುತ್ತವೆ. ಸಂಜೆ ಪಡುವಣದ ಬಿಸಿಲು ನೇರವಾಗಿ ಬೀಳುತ್ತದೆ, ಮರಳುಗಲ್ಲು ಕೆಂಡದ ಬಣ್ಣಕ್ಕೆ ತಿರುಗುತ್ತದೆ. ಡಿಸೆಂಬರ್‌ನಲ್ಲಿ ಸುಮಾರು 6 ಗಂಟೆಗೆ ಸೂರ್ಯ ಮುಳುಗುತ್ತದೆ. ಹಾಗಾಗಿ ಅನುಭವ ಇದ್ದವರು 3 ಗಂಟೆಗೇ ಬಂದು ಜಾಗ ಹಿಡಿಯುತ್ತಾರೆ, ಬೆಳಕು ಬರುವುದನ್ನು ಕಾಯುತ್ತಾರೆ. ಆ ಕಾಯುವ ಹೊತ್ತಲ್ಲೇ ಅವರ ಅರ್ಧ ಕೆಲಸ ಆಗಿರುತ್ತದೆ.

ಆಮೇಲೆ ಅವರ ಹಾಳೆ ಬಿಸಿಲಲ್ಲಿದೆಯೋ ನೆರಳಲ್ಲಿದೆಯೋ ನೋಡಿ. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಹೊಸಬರ ಚಿತ್ರ ಕೆಡುವುದು ಜಾಸ್ತಿ ಇಲ್ಲೇ. ನೇರ ಬಿಸಿಲಲ್ಲಿ ಬಿಳಿ ಹಾಳೆ ಕಣ್ಣು ಕುಕ್ಕುತ್ತದೆ. ಹಚ್ಚಿದ ಬಣ್ಣವೆಲ್ಲ ತಿಳಿಯಾಗಿ ಕಾಣುತ್ತದೆ, ಅದಕ್ಕೇ ಇನ್ನೂ ಗಾಢವಾಗಿ ಹಚ್ಚುತ್ತಾ ಹೋಗುತ್ತೇವೆ. ಮನೆಗೆ ತಂದು ನೋಡಿದರೆ ಮಂಕು. ಕೊಡೆ ಹಿಡಿಯುವವರೂ ಬಿಳಿ ಅಥವಾ ಬೂದು ಕೊಡೆ ಆರಿಸುತ್ತಾರೆ. ಕೆಂಪು ಕೊಡೆ ಕೆಳಗೆ ಹಾಳೆಯೂ ಕೆಂಪಗೆ ಕಾಣುತ್ತದೆ, ಬಣ್ಣದ ಲೆಕ್ಕವೇ ತಪ್ಪುತ್ತದೆ.

ಮೂರನೆಯದು ನೆರಳು. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತದೆ. ಎರಡು ಗಂಟೆ ಕೂತರೆ ನೀವು ಶುರು ಮಾಡಿದ ನೆರಳು ಅಲ್ಲಿ ಇರುವುದೇ ಇಲ್ಲ. ಬಹಳ ಜನ ಹಿರಿಯರು ಪೆನ್ಸಿಲ್‌ನಲ್ಲಿ ಮೊದಲು ನೆರಳಿನ ಅಂಚು ಗುರುತು ಹಾಕಿಕೊಳ್ಳುತ್ತಾರೆ, ಆಮೇಲೆ ಎದುರಿಗೆ ಏನೇ ಬದಲಾದರೂ ಅದನ್ನು ಮುಟ್ಟುವುದಿಲ್ಲ. ನಿಮ್ಮ ಮಾಸ್ತರು ಯಾವಾಗ ಎದುರಿನ ದೃಶ್ಯ ನೋಡುವುದನ್ನು ನಿಲ್ಲಿಸಿ ಬರೀ ಹಾಳೆ ನೋಡಲು ಶುರು ಮಾಡುತ್ತಾರೆ ಅನ್ನುವುದನ್ನು ಗಮನಿಸಿ. ಆ ಗಳಿಗೆ ಸಿಕ್ಕರೆ ಸಾಕು.

ಮಳೆಬಿಲ್ಲು

ಮೊಬೈಲ್ ಸ್ಟ್ಯಾಂಡ್ ಹಾಕಿ ಪೂರ್ತಿ ರೆಕಾರ್ಡ್ ಮಾಡಿಕೊಳ್ಳಿ. ಮನೆಗೆ ಬಂದು ನಿಧಾನವಾಗಿ ನೋಡಬಹುದು ಅಲ್ವಾ?

ಅರಳಿಕಟ್ಟೆ

ದಯವಿಟ್ಟು ಬೇಡ. ಮೊಬೈಲ್ ಇಟ್ಟುಕೊಳ್ಳದ ಮನುಷ್ಯ ಅವರು. ಅಲ್ಲದೆ ಕ್ಯಾಮೆರಾ ಅವರ ಕೈ ನೋಡುತ್ತದೆ. ನೀವು ಅವರ ಕಣ್ಣು ಎಲ್ಲಿಗೆ ಹೋಗುತ್ತದೆ ಅಂತ ನೋಡಬೇಕು.

ಸೋಂದೆಯ ನೀರು

ನಾನು ಮಲೆನಾಡಿನವಳು, ಶಿರಸಿ ಕಡೆ. ನಮ್ಮ ಸಮಸ್ಯೆಯೇ ಬೇರೆ. ಜುಲೈನಲ್ಲಿ ಒಂದು ವಾಶ್ (ನೀರಾಗಿ ಬೆರೆಸಿದ ಬಣ್ಣದ ಹರವಾದ ಪದರ) ಹಾಕಿದರೆ ಒಣಗುವುದೇ ಇಲ್ಲ. ಚಹಾ ಕುಡಿದು ಬಂದರೂ ಹಾಳೆ ಹಸಿ. ಬಾದಾಮಿಯ ಚಳಿಗಾಲದಲ್ಲಿ ಇದರ ಉಲ್ಟಾ. ಗಾಳಿ ಒಣ, ಕಲ್ಲು ಬಿಸಿ, ವಾಶ್ ಅರ್ಧ ಆಗುವಷ್ಟರಲ್ಲಿ ಅಂಚು ಗಟ್ಟಿಯಾಗಿ ಗೆರೆ ಬೀಳುತ್ತದೆ. ಆಕಾಶ ಮಾಡಲು ಹೋಗಿ ಪಟ್ಟೆ ಪಟ್ಟೆ ಆಗುವುದು ಇದರಿಂದಲೇ.

ಅಲ್ಲಿನ ಹವಾಮಾನಕ್ಕೆ ಒಗ್ಗಿದವರು ಇದಕ್ಕೇನು ಮಾಡುತ್ತಾರೆ ಅನ್ನುವುದನ್ನು ನೋಡಿಯೇ ಕಲಿಯಬೇಕು. ಕೆಲವರು ಹಾಳೆಯ ಎರಡೂ ಬದಿ ನೆನೆಸಿ ಪ್ಲಾಸ್ಟಿಕ್ ಹಲಗೆ ಮೇಲೆ ಅಂಟಿಸುತ್ತಾರೆ, ಹಿಂದಿನ ತೇವ ಮುಂದಿನದನ್ನು ಒಣಗಲು ಬಿಡುವುದಿಲ್ಲ. ಕೆಲವರು ದೊಡ್ಡ ಕುಂಚದಲ್ಲಿ ಒಂದೇ ಉಸಿರಿಗೆ ಆಕಾಶ ಮುಗಿಸುತ್ತಾರೆ. ಇನ್ನು ಕೆಲವರು ಗಟ್ಟಿ ಅಂಚನ್ನು ಒಪ್ಪಿಕೊಂಡು ಅದನ್ನೇ ಬಂಡೆಯ ಬಿರುಕಾಗಿ ಬಳಸುತ್ತಾರೆ. ನಿಮ್ಮ ಮಾಸ್ತರದು ಯಾವ ದಾರಿ ಅಂತ ನೋಡಿ ಬಂದು ಇಲ್ಲಿ ಹೇಳಿ, ನನಗೂ ಬೇಕು.

ಹಾಳೆ 300 ಜಿಎಸ್‌ಎಂಗಿಂತ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಕಡಿಮೆ ತರಬೇಡಿ. ಪೂರ್ತಿ ಹತ್ತಿಯ ಹಾಳೆ ದುಬಾರಿ, ನಿಜ. ಒಂದು ದೊಡ್ಡ ಹಾಳೆ ತಂದು ನಾಲ್ಕು ತುಂಡು ಮಾಡಿಕೊಳ್ಳಿ. ಹೊರಗೆ ಸಣ್ಣ ಹಾಳೆಯೇ ಒಳ್ಳೆಯದು, ಬೆಳಕು ಇರುವಾಗಲೇ ಮುಗಿಯುತ್ತದೆ.

ತಗಾದೆ

ಎಲ್ಲರೂ ಮೆಚ್ಚುತ್ತಿದ್ದೀರಿ, ನಾನೊಬ್ಬ ತಕರಾರು ತೆಗೆಯುತ್ತೇನೆ. ಮಾತಾಡದ ಗುರು ಅಂದರೆ ನಮಗೆ ಅದೇನು ಭಕ್ತಿಯೋ. ಕೆಲವರು ಮಾತಾಡುವುದಿಲ್ಲ, ಯಾಕೆಂದರೆ ಅವರಿಗೆ ಹೇಳಲು ಬರುವುದಿಲ್ಲ. ಚೆನ್ನಾಗಿ ಬಿಡಿಸುವವರೆಲ್ಲ ಚೆನ್ನಾಗಿ ಕಲಿಸುತ್ತಾರೆ ಅಂತೇನಿಲ್ಲ. ನಾನು ಒಬ್ಬ ಹೆಸರುವಾಸಿ ಕಲಾವಿದರ ಹಿಂದೆ ಒಂದು ಇಡೀ ಬೇಸಿಗೆ ಬ್ಯಾಗ್ ಹೊತ್ತುಕೊಂಡು ತಿರುಗಿದ್ದೇನೆ. ಅವರ ನೀರಿನ ಡಬ್ಬಿ ತುಂಬುವುದು ಕಲಿತೆ, ಬೇರೆ ಏನೂ ಇಲ್ಲ.

ಕೆಂಪುಕಲ್ಲು ಅವರೇ, ಕೇಳಿ. ಬಾಯಿ ಬಿಟ್ಟು ಕೇಳಿ. ಅದನ್ನು ಯಾಕೆ ಬಿಟ್ಟಿರಿ, ಇಲ್ಲಿ ಯಾಕೆ ನೀಲಿ ಹಾಕಿದಿರಿ ಅಂತ. ಉತ್ತರ ಬರದಿದ್ದರೆ ಬೇರೆ ಗುರು ನೋಡಿ.

ಓದುಗ ಧಾರವಾಡ

ತಗಾದೆ ಅವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಹೊರಗೆ ಕೂತು ಹಿರಿಯನಿಂದ ಕಲಿತವರಲ್ಲಿ ನನಗೆ ಯಾವಾಗಲೂ ನೆನಪಾಗುವುದು ಫ್ರಾನ್ಸಿನ ಚಿತ್ರಕಾರ ಸೆಜಾನ್. ಅವರು ಕಲಿತ ಹಿರಿಯ ಚಿತ್ರಕಾರ ಪಿಸಾರೋ ಹುಟ್ಟಿದ್ದು 1830ರಲ್ಲಿ, ಸೆಜಾನ್ 1839ರಲ್ಲಿ. ಒಂಬತ್ತು ವರ್ಷದ ಅಂತರ. 1872ರಲ್ಲಿ ಸೆಜಾನ್ ಪಾಂತ್ವಾಜ್ ಅನ್ನುವ ಊರಿಗೆ ಬಂದು ಪಿಸಾರೋ ಜೊತೆ ಬಯಲಲ್ಲಿ ಕೆಲಸ ಶುರು ಮಾಡಿದರು. ಮುಂದಿನ ವರ್ಷ ಪಕ್ಕದ ಓವೇರ್‌ಗೆ ಹೋದರು, ಆದರೂ ಇಬ್ಬರೂ ಸೇರಿ ಬಿಡಿಸುವುದು ನಡೆದೇ ಇತ್ತು.

ಅದಕ್ಕೆ ಮೊದಲು ಸೆಜಾನ್ ಚಿತ್ರಗಳು ಕಪ್ಪು ಕಪ್ಪು, ಚಾಕುವಿನಲ್ಲಿ ದಪ್ಪಗೆ ಮೆತ್ತಿದ ಬಣ್ಣ. ಅಲ್ಲಿಂದ ಮುಂದೆ ಬಣ್ಣ ತಿಳಿಯಾಯಿತು, ಕಣ್ಣೆದುರಿನದನ್ನು ತಾಳ್ಮೆಯಿಂದ ನೋಡುವುದು ಶುರುವಾಯಿತು. ಅಲ್ಲಿನ ಹಳ್ಳಿಯವನೊಬ್ಬ ಇಬ್ಬರನ್ನೂ ನೋಡಿ, ಪಿಸಾರೋ ಚುಕ್ಕಿ ಚುಕ್ಕಿಯಾಗಿ ಇಡುತ್ತಾನೆ, ಸೆಜಾನ್ ಮೆತ್ತುತ್ತಾನೆ ಅಂದನಂತೆ. ಅಂದರೆ ಪಕ್ಕ ಪಕ್ಕ ಕೂತರೂ ಕೈ ಒಂದೇ ಆಗಲಿಲ್ಲ. ಸೆಜಾನ್ ಪಡೆದದ್ದು ಪಿಸಾರೋನ ಕುಂಚವನ್ನಲ್ಲ. ಬೆಳಕನ್ನು ಬಣ್ಣದಲ್ಲೇ ಕಟ್ಟಬೇಕು, ಕಪ್ಪು ಬೆರೆಸಿ ಅಲ್ಲ ಅನ್ನುವ ನಂಬಿಕೆಯನ್ನು. 1906ರಲ್ಲಿ, ತಾನು ಸತ್ತ ವರ್ಷ, ಊರಿನ ಪ್ರದರ್ಶನದ ಪಟ್ಟಿಯಲ್ಲಿ ಸೆಜಾನ್ ತನ್ನ ಹೆಸರಿನ ಜೊತೆ ಪಿಸಾರೋನ ಶಿಷ್ಯ ಅಂತ ಹಾಕಿಸಿದರು. ಆಗ ಅವರು ಹೊಸಬರಿಗೆಲ್ಲ ದೊಡ್ಡ ಹೆಸರು, ಹಾಗೆ ಬರೆಸುವ ಅಗತ್ಯವೇ ಇರಲಿಲ್ಲ.

ತಗಾದೆ

ಓದುಗರೇ, ನಿಮ್ಮ ಉದಾಹರಣೆ ನನ್ನ ಪರವೇ ಇದೆ. ಪಿಸಾರೋ ಮಾತಾಡುತ್ತಿದ್ದರು! ಮಗನಿಗೆ ಬರೆದ ಕಾಗದಗಳೇ ರಾಶಿ ಇವೆ, ಕೆಲಸದ ಬಗ್ಗೆ ಬಿಡಿಸಿ ಬಿಡಿಸಿ ಹೇಳುತ್ತಾರೆ. ಚಿತ್ರಗಾರ್ತಿ ಮೇರಿ ಕಸಾಟ್ ಅವರು, ಈತ ಕಲ್ಲುಗಳಿಗೂ ಸರಿಯಾಗಿ ಗೆರೆ ಎಳೆಯಲು ಕಲಿಸಬಲ್ಲ ಅಂತ ಹೇಳಿದ್ದರು. ಬಾದಾಮಿಯಲ್ಲಿ ಕಲ್ಲಿಗೇನೂ ಬರ ಇಲ್ಲ. ಕಲಿಸುವವರು ಬೇಕಷ್ಟೇ.

ಓದುಗ ಧಾರವಾಡ

ಒಪ್ಪಿದೆ. ಆದರೆ ಮಾತು ಕೆಲಸದ ನಡುವೆ ಆಗುತ್ತಿತ್ತೋ ಮುಗಿದ ಮೇಲೆಯೋ ಅನ್ನುವುದು ಮುಖ್ಯ. ವಾಶ್ ಹಸಿ ಇರುವಾಗ ಪ್ರಶ್ನೆ ಕೇಳಿದರೆ ಯಾವ ಗುರುವೂ ಬೈಯುತ್ತಾನೆ.

ಸಂಜೆಬಣ್ಣ

ನಾನು ಬೆಂಗಳೂರಿನಲ್ಲಿ ವಾರಾಂತ್ಯಕ್ಕೆ ಹೊರಗೆ ಸ್ಕೆಚ್ ಮಾಡುವ ಗುಂಪಿನ ಜೊತೆ ಹೋಗುವವಳು. ಇಷ್ಟು ಹೊತ್ತು ಯಾರೂ ಜನರ ಬಗ್ಗೆ ಮಾತೇ ಆಡಲಿಲ್ಲ! ಹೊರಗೆ ಕೂತು ಬಿಡಿಸುವುದರಲ್ಲಿ ನನಗೆ ಅತಿ ಕಷ್ಟ ಅನ್ನಿಸಿದ್ದು ಬಣ್ಣವೂ ಅಲ್ಲ, ಬೆಳಕೂ ಅಲ್ಲ. ಹಿಂದೆ ನಿಂತು ನೋಡುವವರು. "ಮೇಡಂ, ಇದಕ್ಕೆ ಎಷ್ಟು ದುಡ್ಡು?" "ನನ್ನ ಮುಖ ಬರೀತೀರಾ?" "ಇದು ಆ ಗುಡಿನಾ? ಹಾಗೆ ಕಾಣಲ್ಲ."

ಒಬ್ಬಳೇ ಹೆಂಗಸು ಕೂತಿದ್ದರೆ ಇದರ ಜೊತೆಗೆ ಬೇರೆ ಕಿರಿಕಿರಿಯೂ ಇರುತ್ತದೆ, ಬಿಡಿಸಿ ಹೇಳಬೇಕಿಲ್ಲ. ನಮ್ಮ ಗುಂಪಿನಲ್ಲಿ ಒಬ್ಬ ಹಿರಿಯ ಕಲಾವಿದೆ ಇದ್ದಾರೆ. ಅವರಿಂದ ನಾನು ಕಲಿತ ಮೊದಲ ವಿದ್ಯೆ ಗೋಡೆಗೆ ಬೆನ್ನು ಕೊಟ್ಟು ಕೂರುವುದು. ಹಿಂದೆ ಜಾಗ ಇಲ್ಲದಿದ್ದರೆ ಹಿಂದೆ ಯಾರೂ ನಿಲ್ಲಲಾರರು. ಎರಡನೆಯದು, ಮಕ್ಕಳು ಬಂದರೆ ಒಂದು ಚೂರು ಹಾಳೆ, ಒಂದು ಪೆನ್ಸಿಲ್ ಕೊಟ್ಟು ಕೂರಿಸುವುದು. ಐದು ನಿಮಿಷದಲ್ಲಿ ಅವೇ ಕಾವಲುಗಾರರಾಗುತ್ತವೆ, ಬೇರೆ ಯಾರನ್ನೂ ಹತ್ತಿರ ಬಿಡುವುದಿಲ್ಲ. ಮೂರನೆಯದಕ್ಕೆ ನಾನಿನ್ನೂ ಕಷ್ಟಪಡುತ್ತಿದ್ದೇನೆ. ಚಿತ್ರ ಕೆಟ್ಟಿದ್ದಾಗಲೂ ಮುಚ್ಚಿಡದೆ ಕೂರುವುದು.

ನಿಮ್ಮ ಮಾಸ್ತರು ಇದನ್ನು ಹೇಗೆ ನಿಭಾಯಿಸುತ್ತಾರೆ ಅಂತಲೂ ನೋಡಿ. ಶಾಲೆ ಪ್ರವಾಸದ ಬಸ್ಸುಗಳು ಬರುವ ಊರು ಅದು.

ಕೆಂಪುಕಲ್ಲು

ಹೋಗಿ ಬಂದೆ! ನಿಮ್ಮೆಲ್ಲರ ಮಾತು ತಲೆಯಲ್ಲಿಟ್ಟುಕೊಂಡೇ ನೋಡಿದೆ, ಏನೂ ಬಿಡಿಸಲಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ಅರಳಿಕಟ್ಟೆ ಹೇಳಿದ ಹಾಗೆಯೇ ಬೇಗ ಬಂದಿದ್ದರು. ಬಂದವರು ಚೀಲ ಇಟ್ಟು ದಂಡೆಯುದ್ದಕ್ಕೂ ಓಡಾಡಿದರು. ಎರಡು ಬೆರಳುಗಳ ನಡುವೆ ಚೌಕ ಮಾಡಿ ನೋಡಿದರು, ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ಜೇಬಿನಿಂದ ಸಣ್ಣ ಪುಸ್ತಕ ತೆಗೆದು, ಬೆಂಕಿಪೊಟ್ಟಣದಷ್ಟು ಅಳತೆಯ ಚೌಕಗಳಲ್ಲಿ ಬರೀ ಕಪ್ಪು ಬಿಳುಪಿನಲ್ಲಿ ಗೀಚಿದರು. ಒಂದರಲ್ಲಿ ಗುಡಿ ದೊಡ್ಡದು, ಒಂದರಲ್ಲಿ ಬಂಡೆ ದೊಡ್ಡದು, ಒಂದರಲ್ಲಿ ನೀರೇ ಮುಕ್ಕಾಲು ಭಾಗ. ಕೊನೆಗೆ ನೀರಿನದನ್ನೇ ಆರಿಸಿಕೊಂಡರು. ನಾನಾಗಿದ್ದರೆ ಗುಡಿಯನ್ನು ನಡುವೆ ಇಟ್ಟು ಶಿಖರದ ಒಂದೊಂದು ಮಜಲು ಲೆಕ್ಕ ಹಾಕುತ್ತಿದ್ದೆ. ಅವರ ಚಿತ್ರದಲ್ಲಿ ಗುಡಿ ಹೆಬ್ಬೆರಳಿನಷ್ಟು.

ಬೇಲಿ ಇಲ್ಲ, ದೀಪದ ಕಂಬ ಇಲ್ಲ, ಪ್ರವಾಸಿಗರು ಇಲ್ಲ. ಆದರೆ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಇದ್ದಾರೆ, ನಾಲ್ಕೈದು ಚುಕ್ಕೆಗಳಲ್ಲಿ. ಒಂದು ಕೆಂಪು ಸೀರೆ ಕಲ್ಲಿನ ಮೇಲೆ ಹರಡಿತ್ತು. ಅದನ್ನು ಅವರು ಇದ್ದ ಜಾಗದಿಂದ ಎಡಕ್ಕೆ ಸರಿಸಿ ಹಾಕಿದರು! ಗುಡ್ಡವನ್ನೂ ಸ್ವಲ್ಪ ತಗ್ಗಿಸಿದರು ಅಂತ ನನ್ನ ಅನುಮಾನ.

ಬಣ್ಣದ ತಟ್ಟೆಯಲ್ಲಿ ಬರೀ ನಾಲ್ಕೋ ಐದೋ ಬಣ್ಣ. ಬರ್ಂಟ್ ಸಿಯೆನ್ನಾ (ಕೆಂಗಂದು), ಯೆಲ್ಲೋ ಓಕರ್ (ಮಣ್ಣಿನ ಹಳದಿ), ಅಲ್ಟ್ರಾಮರೀನ್ (ಗಾಢ ನೀಲಿ) ಗೊತ್ತಾಯಿತು. ಕಪ್ಪು ಇರಲೇ ಇಲ್ಲ. ನೆರಳಿಗೆಲ್ಲ ಸಿಯೆನ್ನಾಗೆ ಅಲ್ಟ್ರಾಮರೀನ್ ಬೆರೆಸಿದರು. ಬೆರೆಸಿದ ಬಣ್ಣವೂ ಸ್ವಲ್ಪ ಅಲ್ಲ, ಒಂದು ಬಟ್ಟಲು ತುಂಬ. ಇಷ್ಟು ಸಣ್ಣ ಹಾಳೆಗೆ ಇಷ್ಟೊಂದು ಯಾಕೆ ಅಂತ ನನಗೆ ಅರ್ಥ ಆಗಲಿಲ್ಲ. ಹಚ್ಚುವ ಮೊದಲು ಹಾಳೆಯ ಅಂಚಿನಲ್ಲಿ ಒಂದು ಗೆರೆ ಎಳೆದು, ಅದು ಒಣಗುವವರೆಗೆ ಕಾದು ನೋಡಿದರು.

ಸೋಂದೆಯ ನೀರು ಅವರಿಗೆ: ಹಾಳೆಯ ಹಿಂಬದಿಯನ್ನೂ ನೆನೆಸಿದ್ದರು. ಆಕಾಶ, ಬಂಡೆ, ನೀರು ಮೂರನ್ನೂ ಮೇಲಿನಿಂದ ಕೆಳಗೆ ಒಂದೇ ವಾಶ್‌ನಲ್ಲಿ ಇಳಿಸಿದರು, ನಡುವೆ ಬಣ್ಣ ಬದಲಾಯಿಸುತ್ತಾ.

ಸಂಜೆಬಣ್ಣ ಅವರಿಗೆ: ಹುಡುಗರ ದಂಡು ಬಂತು. ಮಾಸ್ತರು ತಿರುಗಿ ನೋಡಲಿಲ್ಲ, ಗದರಲೂ ಇಲ್ಲ. ಒಬ್ಬ ಹುಡುಗ ಗುಡಿ ಚಿಕ್ಕದಾಯಿತು ಅಂದ. "ನೀ ದೊಡ್ಡದು ಬರಿ" ಅಂದರು. ಸಂಜೆಯಲ್ಲಿ ಅವರು ಆಡಿದ ಎರಡು ಮಾತುಗಳಲ್ಲಿ ಅದೊಂದು.

ಇನ್ನೊಂದು, ಬಿಸಿಲು ಇನ್ನೂ ಚೆನ್ನಾಗಿ ಇರುವಾಗಲೇ ಕುಂಚ ತೊಳೆದುಬಿಟ್ಟರು. ಬಂಡೆ ಆಗ ಭಯಂಕರ ಕೆಂಪಾಗಿತ್ತು, ಇಷ್ಟು ಚಂದದ ಬಣ್ಣ ಈಗ ಬಂದಿದೆಯಲ್ಲ ಸರ್, ಸ್ವಲ್ಪ ಹಚ್ಚಿ ಅಂದೆ. "ಇನ್ನ ಹಚ್ಚಿದ್ರ ಕೆಡ್ತದ. ಅದು ಬ್ಯಾರೆ ಚಿತ್ರ" ಅಂದರು.

ಅರಳಿಕಟ್ಟೆ

ಆಹಾ, ಇದೇ ಬೇಕಾಗಿತ್ತು. ಕಂಬ ಬಿಟ್ಟದ್ದು ದೊಡ್ಡದಲ್ಲ, ಅದನ್ನು ಯಾರಾದರೂ ಬಿಡುತ್ತಾರೆ. ಆ ಕೊನೆಯ ಕೆಂಪನ್ನು ಬಿಟ್ಟರಲ್ಲ, ಅದು ಕಷ್ಟ. 4 ಗಂಟೆಯ ನೆರಳಿನ ಮೇಲೆ ಐದೂವರೆಯ ಬಣ್ಣ ಹಚ್ಚಿದರೆ ಎರಡು ಹೊತ್ತಿನ ಬೆಳಕು ಒಂದೇ ಚಿತ್ರದಲ್ಲಿ ಜಗಳ ಆಡುತ್ತದೆ. ಫ್ರಾನ್ಸಿನ ಚಿತ್ರಕಾರ ಮೊನೆ ಅವರು 1890ರ ಸುಮಾರಿಗೆ ಹುಲ್ಲಿನ ಬಣವೆ ಬಿಡಿಸುವಾಗ ಇದಕ್ಕೇ ಹಲವು ಕ್ಯಾನ್ವಾಸ್ ಇಟ್ಟುಕೊಂಡು, ಬೆಳಕು ಬದಲಾದ ಹಾಗೆ ಒಂದನ್ನು ಬಿಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದರು. ನಿಮ್ಮ ಮಾಸ್ತರ ಹತ್ತಿರ ಒಂದೇ ಹಾಳೆ ಇತ್ತು, ನಿಲ್ಲಿಸಿದರು. ಲೆಕ್ಕ ಅದೇ.

ಬಟ್ಟಲು ತುಂಬ ಬಣ್ಣ ಯಾಕೆ ಅಂದರೆ, ವಾಶ್ ನಡುವೆ ಬಣ್ಣ ಮುಗಿದರೆ ಮತ್ತೆ ಬೆರೆಸುವಷ್ಟರಲ್ಲಿ ಅಂಚು ಒಣಗುತ್ತದೆ. ಮತ್ತೆ ಅದೇ ಬಣ್ಣ ಸಿಗುವುದೂ ಇಲ್ಲ. ಅರ್ಧ ಚೆಲ್ಲಿದರೂ ಪರವಾಗಿಲ್ಲ ಅನ್ನುವ ಧೈರ್ಯ ಅದು. ಅಂಚಿನ ಗೆರೆ ಒಣಗಿಸಿ ನೋಡಿದ್ದು ಯಾಕೆಂದರೆ ಜಲವರ್ಣ ಒಣಗಿದ ಮೇಲೆ ತಿಳಿಯಾಗುತ್ತದೆ. ಹಸಿ ಇದ್ದಾಗ ಸರಿ ಅನ್ನಿಸಿದ್ದು ಒಣಗಿದಾಗ ಸಪ್ಪೆ. ಅನುಭವ ಇದ್ದವರೂ ಹೊಸ ಜಾಗದ ಬೆಳಕಿನಲ್ಲಿ ಹೀಗೆ ಪರೀಕ್ಷೆ ಮಾಡುತ್ತಾರೆ.

ಅವರು ಚಿತ್ರದ ಹಿಂದೆ ಏನಾದರೂ ಬರೆದರಾ?

ಕೆಂಪುಕಲ್ಲು

ಹೌದು! ತಾರೀಖು, ಹೊತ್ತು, ಇನ್ನೇನೋ ಒಂದು ಸಾಲು. ಓದಲು ಆಗಲಿಲ್ಲ.

ಓದುಗ ಧಾರವಾಡ

ಬೂದಾನ್ ಅವರ ಅಭ್ಯಾಸ! ಮೊನೆಯ ಗುರು. ಹುಡುಗ ಮೊನೆ ಲ ಹಾವ್ರ್ ಬಂದರಿನಲ್ಲಿ ವ್ಯಂಗ್ಯಚಿತ್ರ ಬಿಡಿಸಿ ದುಡ್ಡು ಮಾಡುತ್ತಿದ್ದಾಗ ಬಯಲಿಗೆ ಬಾ, ಸಮುದ್ರ ಬಿಡಿಸು ಅಂತ ಹಟ ಹಿಡಿದು ಕರೆದವರು. ಮೊನೆಗೆ ಮೊದಮೊದಲು ಬೂದಾನ್ ಚಿತ್ರಗಳೇ ಇಷ್ಟ ಇರಲಿಲ್ಲ, ತಪ್ಪಿಸಿಕೊಂಡು ಓಡಾಡಿದ್ದರಂತೆ. ಬೂದಾನ್ ತಮ್ಮ ಆಕಾಶದ ಪೇಸ್ಟಲ್ ಚಿತ್ರಗಳ ಅಂಚಿನಲ್ಲಿ ತಾರೀಖು, ಹೊತ್ತು, ಗಾಳಿ ಯಾವ ಕಡೆಯದು ಅಂತ ಬರೆದಿಡುತ್ತಿದ್ದರು. 1859ರಲ್ಲಿ ಕವಿ ಬೋದಿಲೇರ್ ಅದನ್ನು ಕಂಡು ಬೆರಗಾಗಿ ಬರೆದಿದ್ದಾರೆ. ನಿಮ್ಮ ಮಾಸ್ತರು ಬೂದಾನ್ ಹೆಸರು ಕೇಳಿರಲಿ ಬಿಡಲಿ, ಹೊರಗೆ ಬಹಳ ಕಾಲ ಕೂತವರು ಒಂದೇ ಜಾಗಕ್ಕೆ ಬಂದು ಸೇರುತ್ತಾರೆ.

ತಗಾದೆ

ಸರಿ, ಸರಿ. ಈ ಮಾಸ್ತರು ಬೇರೆ ಅಂತ ಒಪ್ಪಿದೆ. "ನೀ ದೊಡ್ಡದು ಬರಿ" ನನಗೆ ಬಹಳ ಹಿಡಿಸಿತು. ಆದರೂ ಆ ಸೀರೆಯನ್ನು ಎಡಕ್ಕೆ ಯಾಕೆ ಸರಿಸಿದರು ಅಂತ ಕೇಳದೆ ಬಂದಿರಲ್ಲ! ಅಲ್ಲೇ ಇರುವುದು ಪಾಠ.

ಎಣ್ಣೆಬಣ್ಣ

ನಡುವೆ ಬಂದದ್ದಕ್ಕೆ ಕ್ಷಮಿಸಿ. ನನಗೂ ಬಾದಾಮಿಗೆ ಹೋಗುವ ಆಸೆ, ಆದರೆ ನನ್ನದು ಆಯಿಲ್. ಬಣ್ಣ ತೆಳು ಮಾಡುವ ಟರ್ಪೆಂಟೈನ್ ರೈಲಿನಲ್ಲಿ ಒಯ್ಯಬಹುದಾ?

ಸೋಂದೆಯ ನೀರು

ಬೇಡ. ಬೇಗ ಬೆಂಕಿ ಹತ್ತುವ ವಸ್ತು, ರೈಲಿನಲ್ಲಿ ಒಯ್ಯುವಂತಿಲ್ಲ. ಅಗಸೆ ಎಣ್ಣೆಯಲ್ಲಿ ಕೆಲಸ ಮಾಡಿ, ಕುಂಚವನ್ನು ಬಟ್ಟೆಯಲ್ಲಿ ಒರೆಸಿ ತನ್ನಿ, ಮನೆಯಲ್ಲಿ ಸೋಪು ಹಾಕಿ ತೊಳೆಯಿರಿ. ನೀರಿನಲ್ಲಿ ಬೆರೆಯುವ ಆಯಿಲ್ ಬಣ್ಣಗಳೂ ಸಿಗುತ್ತವೆ. ಹಸಿ ಚಿತ್ರ ಒಯ್ಯಲು ಎರಡು ಹಲಗೆ ಮುಖಾಮುಖಿ ಇಟ್ಟು, ನಡುವೆ ಮೂಲೆಗಳಲ್ಲಿ ಬಿರಡೆ ಚೂರು ಸಿಕ್ಕಿಸಿ ಕಟ್ಟಿ. ಸ್ಟೇಷನ್‌ನಿಂದ ಊರು 5 ಕಿಲೋಮೀಟರ್ ದೂರ ಇದೆ, ಆಟೋದಲ್ಲಿ ಕುಲುಕುತ್ತದೆ. ಗುಹೆಗಳ ಒಳಗೆ ಅಥವಾ ಸ್ಮಾರಕದ ಅಂಗಳದಲ್ಲಿ ಸ್ಟ್ಯಾಂಡ್ ಹಾಕುವುದಾದರೆ ಮೊದಲು ಅಲ್ಲಿನ ಕಚೇರಿಯಲ್ಲಿ ಕೇಳಿಕೊಳ್ಳಿ.

ಸಂಜೆಬಣ್ಣ

ಬಾದಾಮಿಗೆ ಹೋಗಲಾಗದವರಿಗೆ ಒಂದು ಮಾತು. ಪಕ್ಕ ಕೂರಿಸಿಕೊಳ್ಳುವ ಹಿರಿಯರು ಎಲ್ಲರಿಗೂ ಸಿಗುವುದಿಲ್ಲ. ಆದರೆ ಹೊರಗೆ ಕೂತು ಮಾಡಿದ ಮೂಲ ಚಿತ್ರಗಳನ್ನು ನೋಡಬಹುದು. ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿಯಲ್ಲಿ ಕೆ. ವೆಂಕಟಪ್ಪನವರ ಊಟಿಯ ಜಲವರ್ಣಗಳಿವೆ. ಮಂಜು, ಮೋಡ, ಬೆಟ್ಟದ ಇಳಿಜಾರು. ಅಲ್ಲಿ ಹಾಳೆಯ ಮುಂದೆ ನಿಂತು ಯಾವುದನ್ನು ಮೊದಲು ಹಚ್ಚಿದರು, ಯಾವುದನ್ನು ಮುಟ್ಟದೆ ಬಿಟ್ಟರು ಅಂತ ಹುಡುಕುವುದೂ ಒಂದು ಪಾಠವೇ. ಹೋಗುವ ಮೊದಲು ತೆರೆದಿದೆಯಾ ವಿಚಾರಿಸಿ. ರುಮಾಲೆ ಚನ್ನಬಸವಯ್ಯನವರ ಹೂಬಿಟ್ಟ ಮರಗಳ ಮೂಲ ಚಿತ್ರ ಎಲ್ಲಾದರೂ ಕಂಡರಂತೂ ಬಿಡಬೇಡಿ. ಮೊಬೈಲ್ ಪರದೆಯಲ್ಲಿ ನೋಡಿದ್ದಕ್ಕೂ ಎದುರಿಗೆ ನಿಂತು ನೋಡಿದ್ದಕ್ಕೂ ಸಂಬಂಧವೇ ಇಲ್ಲ.

ಕೆಂಪುಕಲ್ಲು

ಮುಂದಿನ ಭಾನುವಾರ ಮತ್ತೆ ಹೋಗುತ್ತಿದ್ದೇನೆ, ಈ ಸಲ ಹಾಳೆ ಒಯ್ಯುತ್ತೇನೆ. ಒಂದು ಸಂಕೋಚ. ಅವರು ನೋಡುವ ದೃಶ್ಯವನ್ನೇ ನಾನೂ ಬಿಡಿಸಿದರೆ ನಕಲು ಅನ್ನಿಸುವುದಿಲ್ಲವಾ?

ಓದುಗ ಧಾರವಾಡ

ಸೆಜಾನ್ ಇನ್ನೂ ಮುಂದೆ ಹೋಗಿದ್ದರು. ಪಿಸಾರೋನ ಲೂವೆಸಿಯೆನ್ ಊರಿನ ಚಿತ್ರವನ್ನೇ ಎರವಲು ಪಡೆದು ಪೂರ್ತಿ ನಕಲು ಮಾಡಿದ್ದರು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಇದು ಯಾರದು, ಅದು ಯಾರದು ಅಂತ ತಟ್ಟನೆ ಗೊತ್ತಾಗುತ್ತದೆ. ಧೈರ್ಯವಾಗಿ ಮಾಡಿ. ನಕಲು ಅಂತ ಹಿಂದೆ ಬರೆದಿಡಿ, ಮಾರಬೇಡಿ, ಅಷ್ಟೇ.

ತಗಾದೆ

ನಾನಾದರೆ ಹೀಗೆ ಮಾಡುತ್ತೇನೆ. ಅವರ ಪಕ್ಕ ಕೂತು ಅದೇ ದೃಶ್ಯವನ್ನು ಬೆಂಕಿಪೊಟ್ಟಣದ ಅಳತೆಯಲ್ಲಿ ನೀವೂ ಗೀಚಿ. ಬಣ್ಣ ಬೇಡ. ಅವರು ಯಾವುದನ್ನು ಆರಿಸುತ್ತಾರೆ ಅಂತ ನೋಡುವ ಮೊದಲೇ ನಿಮ್ಮದನ್ನು ಆರಿಸಿ. ಅವರು ಕುಂಚ ತೊಳೆದ ಮೇಲೆ ಎರಡೂ ಪುಸ್ತಕ ಮುಂದಿಟ್ಟು ಕೇಳಿ, ಸರ್ ನನ್ನದರಲ್ಲಿ ಏನು ಜಾಸ್ತಿ ಆಯಿತು ಅಂತ. ಹೇಗೆ ಬಿಡಿಸಬೇಕು ಅಂತ ಕೇಳಿದರೆ ಉತ್ತರ ಬರಲಿಕ್ಕಿಲ್ಲ. ಏನು ಜಾಸ್ತಿ ಅಂತ ಕೇಳಿದರೆ ಬೆರಳಿಟ್ಟು ತೋರಿಸುತ್ತಾರೆ ನೋಡಿ. ಮತ್ತೆ ಸೀರೆಯ ವಿಷಯ ಮರೀಬೇಡಿ.

ಕೆಂಪುಕಲ್ಲು

ಇದು ಮಾಡಬಹುದು. ಕೇಳಿ ಬಂದು ಹೇಳುತ್ತೇನೆ.

ಮಳೆಬಿಲ್ಲು

ಕೋತಿಗಳ ಬಗ್ಗೆ ಯಾರೂ ಹೇಳಲೇ ಇಲ್ಲ! ಬಾದಾಮಿಯ ಕೋತಿಗಳು ಚೀಲದ ಜಿಪ್ ತೆಗೆಯುವುದರಲ್ಲಿ ಪಳಗಿವೆ. ಬಣ್ಣದ ಡಬ್ಬಿ ಜೊತೆ ಬಾಳೆಹಣ್ಣು, ಬಿಸ್ಕೆಟ್ ಇಡಬೇಡಿ. ಪ್ಲಾಸ್ಟಿಕ್ ಚೀಲದ ಸದ್ದು ಕೇಳಿದರೂ ಬರುತ್ತವೆ, ಬಟ್ಟೆ ಚೀಲ ಒಯ್ಯಿರಿ.